ಹಲ್ಲು ಕಟ್ಟಿಸುವವರ ಪುಟ

ಫೆಬ್ರವರಿ ೩, ಸೋಮವಾರ

ಹೊಸ ಕೆಲಸ ಕೈಗೆ ಹತ್ತುತ್ತಿದೆ. ಇಷ್ಟು ವರ್ಷ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿದವಳು ಈಗ ವೆಬ್‌ಸೈಟ್ ಮಾಡಿಕೊಡುವವರ ಆಫೀಸಿನಲ್ಲಿ ಕೂತಿದ್ದೇನೆ. ಜನ ಇಂಟರ್ನೆಟ್ಟಿನಲ್ಲಿ ಏನೆಂದು ಬರೆದು ಹುಡುಕುತ್ತಾರೆ, ಪುಟ ತೆರೆದ ಮೇಲೆ ಎಲ್ಲಿ ಒತ್ತುತ್ತಾರೆ, ಎಲ್ಲಿಗೆ ಬಂದಾಗ ‘ಸಾಕಪ್ಪಾ’ ಅಂತ ಎದ್ದು ಹೋಗುತ್ತಾರೆ, ಇದನ್ನೆಲ್ಲ ನೋಡಿ ಯಾಕೆ ಅಂತ ಹೇಳುವುದು ನನ್ನ ಕೆಲಸ. ಆಫೀಸು ಅಂದರೆ ಒಂದು ಉದ್ದನೆಯ ರೂಮು, ಕೆಳಗಡೆ ಗಡಿಯಾರ ರಿಪೇರಿ ಅಂಗಡಿ. ಬಾಸು ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವನು. “ಮೇಡಂ, ನಮಗೆ ಕಂಪ್ಯೂಟರ್ ಗೊತ್ತು, ನಿಮಗೆ ಜನ ಗೊತ್ತು” ಅಂತ ಕರೆದು ಕೂರಿಸಿದ್ದಾನೆ. ಅವನು ಹೇಳಿದ್ದು ನಿಜ. ಜನರ ಮನಸ್ಸು ನನಗೆ ಅಂಗೈ ನೆಲ್ಲಿಕಾಯಿ. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆ ಅಂತ ಗೊತ್ತಾಗಿಬಿಡುತ್ತದೆ.

ಮನೆಯಲ್ಲಿ ಮಾತ್ರ ಒಂದು ಬೇಸರ. ಮಾವ ಮಗಳ ಮನೆಗೆ ಹೋಗಿಬಿಡುತ್ತಾರಂತೆ. ಕಳೆದ ವರ್ಷ ಉಳಿದಿದ್ದ ಹಲ್ಲುಗಳನ್ನೂ ಕೀಳಿಸಿಕೊಂಡ ಮೇಲೆ ಅವರ ಮಾತು ತೊದಲುತ್ತದೆ, ಒಂದು ವಾಕ್ಯಕ್ಕೆ ಎರಡು ವಾಕ್ಯದ ಹೊತ್ತು ಬೇಕು. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುತ್ತಿದ್ದವರು, ಈಗ ಹೂಂ ಉಹೂಂನಲ್ಲೇ ದಿನ ಮುಗಿಸುತ್ತಾರೆ. ಇವತ್ತು ಊಟಕ್ಕೆ ಕೂತಾಗ ತಾವಾಗಿಯೇ “ನಾನು ಮಗಳ ಮನೆಗೆ ಹೋಗಿ…” ಅಂತ ಶುರು ಮಾಡಿದರು. ಅಲ್ಲಿಗೇ ತಡವರಿಸಿದರು. ಪಾಪ, ಕಷ್ಟಪಡುವುದು ಯಾಕೆ ಅಂತ ಉಳಿದದ್ದನ್ನು ನಾನೇ ಹೇಳಿದೆ: “ಅಲ್ಲೇ ಇರ್ತೀರಾ ಮಾವ? ನಿಮ್ಮಿಷ್ಟ. ನಾವೇನೂ ಬೇಜಾರು ಮಾಡ್ಕೊಳ್ಳಲ್ಲ.”

ಅವರು ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು, ಆಮೇಲೆ ತಟ್ಟೆ ನೋಡಿಕೊಂಡು ‘ಹೂಂ’ ಅಂದರು.

ಬೇಜಾರಿಲ್ಲ ಅಂದೆನಲ್ಲ, ಅದು ಸುಳ್ಳು. ನಾನು ಏನು ಕಡಿಮೆ ಮಾಡಿದ್ದೆ?

ಫೆಬ್ರವರಿ ೫, ಬುಧವಾರ

ನಾದಿನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳಿಗೆ ಹಿಗ್ಗೋ ಹಿಗ್ಗು. ಮಾರ್ಚ್ ಎರಡನೇ ತಾರೀಖು ಭಾನುವಾರ ಕಾರು ತಂದು ಅಪ್ಪನನ್ನು ಕರೆದುಕೊಂಡು ಹೋಗುತ್ತಾಳಂತೆ. ಮಾವನಿಗೆ ಹೇಳಿದಾಗ ಮತ್ತೆ ‘ಹೂಂ’. ನನ್ನ ಗಂಡ ಅಟ್ಟದ ಮೇಲಿಂದ ದೊಡ್ಡ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದರು. ಮನೆಯಲ್ಲಿ ಎಲ್ಲರೂ ಎಷ್ಟು ಚೆನ್ನಾಗಿ ಸಹಕರಿಸುತ್ತಿದ್ದಾರೆ ಅಂದರೆ ಅಳು ಬರುತ್ತದೆ.

ಫೆಬ್ರವರಿ ೭, ಶುಕ್ರವಾರ

ಹೊಸ ಗಿರಾಕಿ: ಹಲ್ಲಿನ ಡಾಕ್ಟರು. ಹಲ್ಲೆಲ್ಲ ಹೋದವರಿಗೆ ಸೆಟ್ಟು ಮಾಡಿಕೊಡುವುದರಲ್ಲಿ ಹೆಸರುವಾಸಿ, ಆದರೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೂರನೇ ಪುಟದಲ್ಲಿ ಸಿಗುತ್ತಾರೆ. ಮೂರನೇ ಪುಟದವರೆಗೆ ಹೋಗುವವರು ಯಾರು? ಅವರ ವೆಬ್‌ಸೈಟಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಅತ್ಯಾಧುನಿಕ ಸಂಪೂರ್ಣ ಕೃತಕ ದಂತಪಂಕ್ತಿ ಅಳವಡಿಕೆ’ ಅಂತಿದೆ. ಓದಬೇಕಾದರೆ ಬಾಯಿ ತುಂಬ ಹಲ್ಲಿರಬೇಕು.

ಜನ ನಿಜವಾಗಿ ಏನು ಬರೆದು ಹುಡುಕುತ್ತಾರೆ ಅಂತ ತೆಗೆಸಿ ನೋಡಿದೆ. ದಂತಪಂಕ್ತಿ ಅಂತ ಬರೆದವರು ಬಹುಶಃ ಡಾಕ್ಟರು ಒಬ್ಬರೇ. ಉಳಿದವರು ಬರೆಯುವುದು ‘ಹಲ್ಲು ಕಟ್ಟಿಸೋದು’, ‘ಹಲ್ಲು ಸೆಟ್ ನಗುವಾಗ ಬೀಳುತ್ತಾ’, ‘ಸೆಟ್ ಹಾಕಿದ್ರೆ ಮಾತು ಮೊದಲಿನ ಥರ ಬರುತ್ತಾ’. ಹೆಸರು ಹುಡುಕುವುದಿಲ್ಲ ಜನ, ತಮ್ಮ ಭಯವನ್ನೇ ಬರೆದುಬಿಡುತ್ತಾರೆ. ಡಾಕ್ಟರ ಮುಂದೆ ಕೇಳಲಾರದ್ದನ್ನು ಹುಡುಕುವ ಖಾಲಿ ಪೆಟ್ಟಿಗೆಗೆ ಕೇಳುತ್ತಾರೆ. ನನಗೆ ಇದು ತುಂಬ ಇಷ್ಟವಾಯಿತು.

ಫೆಬ್ರವರಿ ೧೧, ಮಂಗಳವಾರ

ಬಾಸು ಒಂದು ಪದ್ಧತಿ ಹೇಳಿಕೊಟ್ಟ. ಯಾರನ್ನಾದರೂ ಪುಟದ ಮುಂದೆ ಕೂರಿಸಿ, ‘ನೋಡ್ತಾ ನೋಡ್ತಾ ಮನಸ್ಸಿಗೆ ಬಂದದ್ದೆಲ್ಲ ಬಾಯ್ಬಿಟ್ಟು ಹೇಳಿ’ ಅನ್ನಬೇಕು. ಪಕ್ಕದಲ್ಲಿ ಕೂತವರು ಸಹಾಯ ಮಾಡಬಾರದು, ಉತ್ತರ ಕೊಡಬಾರದು. ಅವರು ಸುಮ್ಮನಾದರೆ ‘ಆಮೇಲೆ?’ ಅಂತ ಒಂದೇ ಮಾತು ಕೇಳಬಹುದು. ಮಾತು ರೆಕಾರ್ಡ್ ಆಗುತ್ತದೆ.

ಕೆಳಗಿನ ಗಡಿಯಾರದ ಅಂಗಡಿಯವರನ್ನು ಹಿಡಿದು ತಂದೆ. ಅವರು ಸೆಟ್ಟು ಹಾಕಿಕೊಂಡವರೇ. ಮಧ್ಯಾಹ್ನ ರೆಕಾರ್ಡಿಂಗ್ ಕೇಳಿದ ಬಾಸು ತಲೆ ಕೆರೆದುಕೊಂಡು, “ಮೇಡಂ, ಇದರಲ್ಲಿ ಗಡಿಯಾರದ ಅಣ್ಣ ಎಲ್ಲಿದ್ದಾರೆ?” ಅಂದ. ನಿಜಕ್ಕೂ ಅದರಲ್ಲಿ ಪೂರ್ತಿ ನನ್ನ ಧ್ವನಿಯೇ ಇತ್ತು. ಏನು ಮಾಡಲಿ, ಆ ಮನುಷ್ಯನಿಗೆ ಮಾತೇ ಬಾರದು.

“ಇನ್ನು ಮೇಲೆ ಬಾಯಲ್ಲಿ ಒಂದು ಪೆಪ್ಪರ್‌ಮಿಂಟ್ ಇಟ್ಕೊಳ್ಳಿ ಮೇಡಂ. ಕರಗೋವರೆಗೂ ಮಾತಾಡಬೇಡಿ” ಅಂದ. ಹುಡುಗು ಬುದ್ಧಿ.

ಫೆಬ್ರವರಿ ೧೪, ಶುಕ್ರವಾರ

ಹಲ್ಲಿಲ್ಲದವರು ಬೇಕು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಹಲ್ಲು ಭದ್ರವಾಗಿದೆ. ಮನೆಯಲ್ಲೇ ಒಬ್ಬರಿದ್ದಾರೆ, ಆದರೆ ಮಗಳ ಮನೆಗೆ ಹೊರಟು ನಿಂತವರನ್ನು ಯಾವ ಮುಖದಿಂದ ಕೇಳಲಿ? ಸೆಟ್ಟು ಕಟ್ಟಿಸಿಕೊಳ್ಳಿ ಅಂತ ಮಗ ಹೇಳಿದಾಗಲೆಲ್ಲ ಎದ್ದು ಹೋದವರು. ‘ಹಲ್ಲಿದ್ದವರಿಗೆ ಕಡಲೆ ಇಲ್ಲ’ ಅಂತ ಗಾದೆ ನಾಲಿಗೆ ತುದಿಗೆ ಬಂದಿತ್ತು, ಮಾವ ಎದುರಿಗೇ ಇದ್ದರು, ನುಂಗಿಕೊಂಡೆ.

ಫೆಬ್ರವರಿ ೧೬, ಭಾನುವಾರ

ಕೇಳಿಯೇಬಿಟ್ಟೆ. “ನನ್ನ ಕೆಲಸಕ್ಕೆ ಒಂದು ಸಹಾಯ ಆಗಬೇಕು ಮಾವ” ಅಂದೆ. ಸೆಟ್ಟಿನ ವಿಷಯ ಅಂದಾಗ ಏಳಲು ಹೋದರು. ಕೆಲಸ ಅಂದದ್ದಕ್ಕೆ ಕೂತರು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡೆ (ಒಂದು ಪ್ರಯೋಗ ಅಂತ). ಮಾವ ಒಂದೇ ಬೆರಳಲ್ಲಿ ಒತ್ತುತ್ತಾರೆ, ಅಕ್ಷರ ಹುಡುಕಿ, ಕನ್ನಡಕ ಎತ್ತಿ, ಮತ್ತೆ ಹುಡುಕಿ. ‘ಹಲ್ಲಿಲ್ಲದವರಿಗೆ’ ಅಂತ ಬರೆಯಲು ಹೊರಟು ‘ಹಲ್ಲಿ’ ಅನ್ನುವಷ್ಟರಲ್ಲಿ ಹುಡುಕುವ ಪೆಟ್ಟಿಗೆ ತಾನೇ ಕೆಳಗೆ ಸಾಲುಸಾಲಾಗಿ ತೋರಿಸಿತು: ಹಲ್ಲಿ ಓಡಿಸುವುದು ಹೇಗೆ. ಹಲ್ಲಿ ಮನೆಯೊಳಗೆ ಯಾಕೆ ಬರುತ್ತದೆ. ಹಲ್ಲಿಗೆ ಮದ್ದು.

ಮಾವ ನೋಡಿದರು. ನಾನು ಸುಮ್ಮನಿರಬೇಕಾದ್ದು ನಿಯಮ, ಪೆಪ್ಪರ್‌ಮಿಂಟ್ ಬೇರೆ ದೊಡ್ಡದಿತ್ತು.

“ನಾನು ಹಲ್ಲಿಲ್ಲದವನು ಅಂತ ಹೇಳೋಕೆ ಹೊರಟ್ರೆ,” ಅಂದರು ನಿಧಾನವಾಗಿ, “ಇದು ನನಗೆ ಹಲ್ಲಿ ಓಡಿಸೋದು ಹೇಳಿಕೊಡುತ್ತೆ. ಪೂರ್ತಿ ಕೇಳೋ ಪುರುಸೊತ್ತೇ ಇಲ್ಲ ಇದಕ್ಕೆ. ಇದೂ ಥೇಟ್ ನಿನ್ನ ಹಾಗೇನೇ ಕಣಮ್ಮ.”

ನನಗೆ ಖುಷಿಯಾಯಿತು. ಅಷ್ಟು ಚುರುಕು ಅಂತ ತಾನೆ? ಮಾವ ನನ್ನನ್ನು ಹೊಗಳಿದ್ದು ಇದೇ ಮೊದಲು.

ಒಂದು ಒಳ್ಳೆಯ ಅಂಶವೂ ಸಿಕ್ಕಿತು. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರುತ್ತೇನೋ ಹೋಗುತ್ತೇನೋ, ಬೇಕೋ ಬೇಡವೋ, ಎಲ್ಲ ಬಾಲದಲ್ಲಿರುತ್ತದೆ. ತಲೆ ನೋಡಿ ಊಹಿಸುವ ಯಂತ್ರ ಎಡವುವುದು ಅದಕ್ಕೇ. ‘ಯಂತ್ರಕ್ಕೆ ತಾಳ್ಮೆ ಇಲ್ಲ’ ಅಂತ ವರದಿಯಲ್ಲಿ ಬರೆದೆ. ಬಾಸು ಓದಿ ಮೆಚ್ಚಿಕೊಳ್ಳುತ್ತಾನೆ.

ಫೆಬ್ರವರಿ ೧೮, ಮಂಗಳವಾರ

ಎರಡನೇ ಸಲ. ಈ ಸಲ ಮಾವ ತಾವೇ ಬಂದು ಕೂತಿದ್ದರು, ನಾನು ಆಫೀಸಿಂದ ಬರುವಾಗ.

ಡಾಕ್ಟರಿಗಾಗಿ ಬಾಸು ಮಾಡಿಟ್ಟ ಕರಡನ್ನು ತೆರೆದೆ. ಮುಖಪುಟದಲ್ಲಿ ಒಬ್ಬ ಹುಡುಗಿ ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಾಳೆ. ಮಾವ: “ಇವಳಿಗೆ ಆಗಲೇ ಇದೆಯಲ್ಲ. ಇವಳು ಯಾಕೆ ಬಂದಳು ಇಲ್ಲಿಗೆ?”

‘ಇಂದು ಇನ್ನು ಎರಡೇ ಸ್ಥಾನ ಬಾಕಿ! ತ್ವರೆ ಮಾಡಿ!’ ಅಂತ ಕೆಂಪಗೆ ಮಿನುಗುವ ಪಟ್ಟಿ ಬಾಸಿನ ಹೆಮ್ಮೆ. ಕೈತಪ್ಪುತ್ತದೆ ಅನ್ನಿಸಿದರೆ ಜನ ಬೇಗ ಒತ್ತುತ್ತಾರೆ, ಅದು ಪುಸ್ತಕದ ಮಾತು, ನಾನೇ ಪಾಠ ಮಾಡಿದ್ದು. ಮಾವ: “ಹಲ್ಲಿಲ್ಲದೆ ಒಂದು ವರ್ಷ ಹೇಗೋ ದಬ್ಬಿದ್ದೀನಿ. ಇವರಿಗೇನು ಬಂತು ಅರ್ಜೆಂಟು? ಹೀಗೆ ಅವಸರ ಮಾಡೋ ಕಡೆ ನಾನಂತೂ ಬಾಯಿ ತೆರೆಯಲ್ಲ.”

ಫಾರಂ ತುಂಬುವಾಗ ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಯಿತು. ಪರದೆ ಕೆಂಪಾಗಿ ‘ತಪ್ಪು ಮಾಹಿತಿ!’ ಅಂದಿತು. ಮಾವ ಬೆರಳು ಹಿಂದೆಳೆದುಕೊಂಡರು. “ಬೈತಿದೆ,” ಅಂದರು.

ಸುಮ್ಮನಾದರು. “ಆಮೇಲೆ?” ಅಂದೆ.

“ಆಮೇಲೇನು? ಬೈಸಿಕೊಂಡ ಮೇಲೆ ಯಾರು ನಿಲ್ತಾರೆ? ನಾನು ಮೈಕಲ್ಲಿ ಹೇಳ್ತಿದ್ದಾಗ ಗಾಡಿ ತಪ್ಪಿಸಿಕೊಂಡವರು ಬಂದು ಕೇಳೋರು. ‘ತಪ್ಪು ನಿಂದೇ’ ಅನ್ನೋಕಾಗುತ್ತಾ? ‘ಮುಂದಿನ ಗಾಡಿ ಇದೆ’ ಅಂತಿದ್ದೆ.”

ಇದನ್ನು ಹಾಗೇ ಬರೆದುಕೊಂಡೆ. ಕೆಂಪು ಬೈಗುಳ ತೆಗೆದು ‘ಒಂದು ಅಂಕಿ ಕಡಿಮೆ ಇದೆ, ಇನ್ನೊಮ್ಮೆ ನೋಡಿ’ ಅಂತ ಹಾಕಿಸುವುದು. ಹುಡುಗಿಯನ್ನೂ ಕಳಿಸುವುದು.

ಮಾವನ ಸೂಟ್‌ಕೇಸಿನಲ್ಲಿ ಸ್ವೆಟರ್ ಮಡಚಿಡುವಾಗ ಮನಸ್ಸು ಭಾರವಾಯಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಹೋಗುವ ಹೊತ್ತಿಗೆ ಪರಿಚಯವಾಗುತ್ತಿದ್ದಾರೆ.

ಫೆಬ್ರವರಿ ೨೦, ಗುರುವಾರ

ಪೆಪ್ಪರ್‌ಮಿಂಟ್ ಖಾಲಿ. ತರಬೇಕು.

ಫೆಬ್ರವರಿ ೨೨, ಶನಿವಾರ

ಬಟನ್ ಮೇಲೆ ಏನು ಬರೆಯುವುದು ಅಂತ ಆಫೀಸಿನಲ್ಲಿ ಜಗಳ. ‘ಸಲ್ಲಿಸಿ’ ಅಂದರೆ ಸರ್ಕಾರಿ ಅರ್ಜಿ. ‘ಈಗಲೇ ಬುಕ್ ಮಾಡಿ’ ಅಂದರೆ ಸಿನಿಮಾ. ‘ಸಮಯ ಕಾಯ್ದಿರಿಸಿ’ ಅಂದರೆ ಮತ್ತೆ ದಂತಪಂಕ್ತಿಯವರ ಕಡೆಯವರೇ.

ಮನೆಗೆ ಬಂದು ಮಾವನ ಮುಂದೆ ಖಾಲಿ ಬಟನ್ ಇಟ್ಟೆ. ಅವರು ತುಂಬ ಹೊತ್ತು ನೋಡಿದರು. ಎಷ್ಟು ಹೊತ್ತೆಂದರೆ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಮೂಗಿಗೆ ಬಡಿಯಿತು. ನಾನು ಏಳಲಿಲ್ಲ. ಎದ್ದರೆ ಮಾತು ಹೋಗುತ್ತಿತ್ತು.

“ಬಂದು ನೋಡ್ತೀನಿ,” ಅಂದರು.

ನನಗೆ ಎಲ್ಲಿಗೆ ಬರುತ್ತಾರೆ ಅಂತ ತಿಳಿಯಲಿಲ್ಲ.

“ಬಟನ್ ಮೇಲೆ ಹಾಗೆ ಬರೀಬೇಕು. ‘ಬಂದು ನೋಡ್ತೀನಿ’. ಅಂಗಡಿಯಿಂದ ಬರಿಗೈಲಿ ಹೊರಡುವಾಗ ಏನಂತೀವಿ? ‘ಬಂದು ನೋಡ್ತೀನಿ’ ಅಂತೀವಿ. ಅಂದ್ರೆ ಬಂದ್ರೂ ಬಂದೆ, ಇಲ್ದಿದ್ರೂ ಇಲ್ಲ. ಮಾನ ಹೋಗಲ್ಲ. ಹಾಗಂದ್ರೆ ಒತ್ತಬಹುದು.”

ಬಾಸಿಗೆ ಫೋನ್ ಮಾಡಿ ಹೇಳಿದೆ. ಅವನು ಅತ್ತಲಿಂದ ಶಿಳ್ಳೆ ಹಾಕಿದ.

ಊಟದ ಹೊತ್ತಿಗೆ ನನ್ನ ಗಂಡ, “ನಿಂಗೆ ಮೈ ಹುಷಾರಿಲ್ವಾ? ಎರಡು ಮೂರು ದಿನದಿಂದ ನೋಡ್ತಿದ್ದೀನಿ” ಅಂತ ಹಣೆ ಮುಟ್ಟಿ ನೋಡಿದರು. ಯಾಕೆ ಕೇಳಿದರೋ. ನಾನು ಎಂದಿನ ಹಾಗೇ ಇದ್ದೇನೆ. ಹಾಲಿನ ಪಾತ್ರೆ ತಿಕ್ಕಿ ಸಾಕಾಗಿದೆ, ಅಷ್ಟೆ.

ಫೆಬ್ರವರಿ ೨೬, ಬುಧವಾರ

ಹೊಸ ಪುಟ ನಿನ್ನೆಯಿಂದ ಊರಿಗೆಲ್ಲ ತೆರೆದಿದೆ. ತಲೆಬರಹ ‘ಹಲ್ಲು ಕಟ್ಟಿಸುವುದು: ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಳು’. ಹುಡುಕಿದರೆ ಇನ್ನೂ ಎರಡನೇ ಪುಟದ ತಳದಲ್ಲಿದೆ, ಆದರೆ ಬಂದವರು ನಿಂತು ಓದುತ್ತಿದ್ದಾರೆ. ತೊಂದರೆ ಒಂದೇ. ಫಾರಂ ತುಂಬುತ್ತಾ ಬಂದವರು ವಿಳಾಸದ ಖಾನೆ ಬಂದಾಗ ಬಿಟ್ಟು ಹೋಗುತ್ತಿದ್ದಾರೆ. ವಯಸ್ಸಾದವರಿದ್ದರೆ ಅಳತೆ ತೆಗೆಯಲು ಮನೆಗೇ ಜನ ಕಳಿಸುತ್ತೇನೆ, ವಿಳಾಸ ಬೇಕೇ ಬೇಕು ಅನ್ನುತ್ತಾರೆ ಡಾಕ್ಟರು. ಕಿತ್ತುಹಾಕಿ ಅನ್ನುತ್ತಾನೆ ಬಾಸು. ಯಾಕೆ ನಿಲ್ಲುತ್ತಾರೆ ಅಂತ ಮೊದಲು ನೋಡೋಣ ಅಂದೆ ನಾನು.

ಸಂಜೆ ಮಾವನನ್ನು ಕೂರಿಸಿದೆ. ಎಲ್ಲವನ್ನೂ ಅವರ ಕೈಯಿಂದಲೇ ಬರೆಸಬೇಕು ಅಂತ, ಹಳೆಯ ವಿವರಗಳನ್ನು ಕಂಪ್ಯೂಟರ್ ತಾನಾಗಿ ತುಂಬಿಕೊಳ್ಳುವುದನ್ನು ನಿಲ್ಲಿಸಿಟ್ಟಿದ್ದೆ. ಹೆಸರು ಬರೆದರು. ವಯಸ್ಸು ಬರೆದರು. ಫೋನ್ ನಂಬರು ಒಂದೇ ಸಲಕ್ಕೆ ಸರಿಯಾಗಿ ಬರೆದು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಆಮೇಲೆ ವಿಳಾಸ.

ಬೆರಳು ಗಾಳಿಯಲ್ಲಿ ನಿಂತಿತು.

ನಿಂತೇ ಇತ್ತು. ಮನೆ ನಂಬರು ಮರೆತಿರಬೇಕು ಅನ್ನಿಸಿತು, ಹೇಳಲು ಬಾಯಿ ತೆರೆದೆ, ಪೆಪ್ಪರ್‌ಮಿಂಟ್ ಮೇಜಿನ ಮೇಲೆ ಬಿತ್ತು. ಎತ್ತಿಕೊಂಡು ಮತ್ತೆ ಬಾಯಿಗೆ ಹಾಕಿಕೊಂಡೆ.

“ಯಾವ ವಿಳಾಸ ಬರೀಲಿ?” ಅಂದರು ಮಾವ. ನನ್ನನ್ನು ಕೇಳಿದ್ದಲ್ಲ, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳಬೇಕು ಅಂತ ನಾನೇ ಹೇಳಿಕೊಟ್ಟಿದ್ದೆನಲ್ಲ, ಹಾಗೆ. “ಈ ಮನೇದು ಬರೆದ್ರೆ ಭಾನುವಾರದ ಮೇಲೆ ನಾನಿಲ್ಲಿ ಇರಲ್ಲ. ಮಗಳ ಮನೇದು ಬರೆದ್ರೆ… ನಾನು ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ ಅಂತ ತಾನೆ ಹೇಳೋಕೆ ಹೊರಟಿದ್ದು. ಮೊಮ್ಮಗೂನ ನೋಡಿ ತುಂಬ ದಿನ ಆಗಿತ್ತು. ‘ಹೋಗಿ’ ಅನ್ನೋಷ್ಟರಲ್ಲಿ ಇವರೆಲ್ಲ ಅಲ್ಲೇ ಇರಿ ಅಂದುಬಿಟ್ರು. ಸೂಟ್‌ಕೇಸ್ ಇಳಿಸಿದ್ರು. ಇವರಿಗೆ ಕಳಿಸಬೇಕು ಅಂತ ಇದೆಯೇನೋ, ನಾನಾಗಿ ಹೇಳಲಿ ಅಂತ ಕಾಯ್ತಿದ್ರೇನೋ ಅಂದ್ಕೊಂಡೆ. ಹೂಂ ಅಂದೆ.”

‘ಇವರೆಲ್ಲ’ ಅಂದರು. ಎಲ್ಲರೂ ಅಲ್ಲ, ಒಬ್ಬಳೇ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಮಾನವಂತರು, ಬಹುವಚನ ಬಳಸಿದರು.

ಎಷ್ಟೊಂದು ಮಾತು ಗಂಟಲಿಗೆ ಬಂತು. ಅಯ್ಯೋ ಮಾವ, ನಾನು ಹಾಗಲ್ಲ, ನಿಮಗೆ ಕಷ್ಟ ಆಗದಿರಲಿ ಅಂತ, ಬಿಟ್ಟು ಹೋಗುತ್ತೀರಲ್ಲ ಅಂತ ಇಷ್ಟು ದಿನ ಸಂಕಟಪಟ್ಟೆ… ಅದನ್ನೆಲ್ಲ ಹೇಳಿದ್ದರೆ ಇವತ್ತೂ ರೆಕಾರ್ಡಿಂಗ್ ತುಂಬ ನನ್ನ ಧ್ವನಿಯೇ ಇರುತ್ತಿತ್ತು. ಅವರದು ಇನ್ನೂ ಮುಗಿದಿರಲಿಲ್ಲ. ಬೆರಳು ಹಾಗೇ ಗಾಳಿಯಲ್ಲಿತ್ತು.

“ಆಮೇಲೆ, ಮಾವ?” ಅಂದೆ.

ಅವರು ಆಗ ನನ್ನ ಕಡೆ ತಿರುಗಿದರು. ನನ್ನ ಕಣ್ಣು ಮೂಗು ಎಲ್ಲ ಸೋರುತ್ತಿತ್ತು, ಕೆನ್ನೆಯೊಳಗೆ ಪೆಪ್ಪರ್‌ಮಿಂಟ್ ಉಬ್ಬಿಕೊಂಡಿತ್ತು. ನೋಡುವ ಹಾಗಿರಲಿಲ್ಲ ಅಂತ ಕಾಣುತ್ತದೆ. ಮಾವ ನೋಡುತ್ತಲೇ ಇದ್ದರು. ಅವರ ಮುಖ ಸಡಿಲವಾಯಿತು.

“ಆಮೇಲೆ…” ಅಂದರು. “ಸೆಟ್ಟು ಕಟ್ಟಿದ ಮೇಲೆ ಸರಿಮಾಡಿಸೋಕೆ ನಾಲ್ಕೈದು ಸಲ ಹೋಗಬೇಕಾಗುತ್ತೆ ಅಂತ ನಿಮ್ಮ ಪುಟದಲ್ಲೇ ಬರೆದಿದ್ದೀರಿ. ಅಷ್ಟು ದೂರದ ಊರಿಂದ ಓಡಾಡೋದು ನನ್ನ ಕೈಲಾಗಲ್ಲ. ಈ ಮನೇದೇ ಬರೀತೀನಿ.”

ಒಂದೊಂದೇ ಅಕ್ಷರ. ಮನೆ ನಂಬರು, ಬೀದಿ, ಎದುರಿಗೆ ನೀರಿನ ಟ್ಯಾಂಕು ಅಂತಲೂ ಬರೆದರು, ಅಳತೆಯವರಿಗೆ ಗುರುತು ಸಿಗಲಿ ಅಂತ. ಎರಡು ಕಡೆ ಅಕ್ಷರ ತಪ್ಪಿತು, ತಾವೇ ಅಳಿಸಿ ಬರೆದರು. ನಾನು ನೋಡುತ್ತಾ ಕೂತಿದ್ದೆ. ಇಷ್ಟು ಚೆನ್ನಾಗಿರುವ ವಿಳಾಸವನ್ನು ನಾನು ಇದುವರೆಗೆ ಓದಿರಲಿಲ್ಲ.

‘ಬಂದು ನೋಡ್ತೀನಿ’ ಒತ್ತಿದರು. ನಿಜವಾಗಿಯೂ ಹೋಯಿತು, ಡಾಕ್ಟರಿಗೆ.

“ಭಾನುವಾರ ಮಗಳಿಗೆ ನಾನೇ ಹೇಳ್ತೀನಿ. ನೀನು ಫೋನಲ್ಲಿ ಮೊದಲೇ ಹೇಳ್ಬೇಡ,” ಅಂದರು ಏಳುತ್ತಾ. “ಸ್ಟೇಷನ್ನಿನಲ್ಲಿ ನನ್ನ ಮಾತಿಗೆ ಪ್ಲಾಟ್‌ಫಾರಂ ಪೂರ್ತಿ ಕಾಯ್ತಿತ್ತು ಗೊತ್ತಾ? ಬರ್ತಿದೆಯೋ ತಡವೋ ಅಂತ ಕೊನೇವರೆಗೂ ಕೇಳಬೇಕಿತ್ತಲ್ಲ. ಒಂದು ಸೊಳ್ಳೆ ಹಾರಿದ್ರೆ ಕೇಳಿಸೋದು.”

ವರದಿಯಲ್ಲಿ ಬರೆದದ್ದು: ‘ವಿಳಾಸದ ಖಾನೆ ಇರಲಿ. ಆದರೆ ಅದರ ಮೇಲೆ ಈಗ ಎಲ್ಲಿದ್ದೀರಿ ಅಂತ ಮಾತ್ರ ಕೇಳಿ.’ ಉಳಿದದ್ದು ಬಾಸಿಗೆ ಬೇಕಿಲ್ಲ.

ಫೆಬ್ರವರಿ ೨೮, ಶುಕ್ರವಾರ

ನಾದಿನಿ ಎರಡು ಸಲ ಫೋನ್ ಮಾಡಿದಳು. ಹೇಳಲಿಲ್ಲ. ಹೊಟ್ಟೆ ಉಬ್ಬರಿಸುತ್ತಿದೆ.

ಗಂಡನಿಗೆ ಮಾತ್ರ ಹೇಳಿದೆ. ಅವರು ಹೋಗಿ ಸೂಟ್‌ಕೇಸಿನಿಂದ ಸ್ವೆಟರ್ ತೆಗೆದು ಅಪ್ಪನ ಕಪಾಟಿನಲ್ಲಿ ಇಟ್ಟು ಬಂದರು.

ಮಾರ್ಚ್ ೨, ಭಾನುವಾರ

ಬೆಳಗ್ಗೆ ಡಾಕ್ಟರ ಕಡೆಯವರು ಬಂದು ಮಾವನ ಬಾಯಿಯ ಅಳತೆ ತೆಗೆದುಕೊಂಡು ಹೋದರು. ಅವರ ಕಾರು ಹೋಗುತ್ತಲೇ ನಾದಿನಿಯ ಕಾರು ಬಂತು. ಡಿಕ್ಕಿ ಪೂರ್ತಿ ಖಾಲಿ ಮಾಡಿಕೊಂಡು ಬಂದಿದ್ದಾಳೆ. ಕೈಕಾಲು ತೊಳೆಯುವ ಮೊದಲೇ ಶುರು: ದಾರಿ ಹೀಗಿತ್ತು, ಮಗು ಹಾಗೆ ಮಾಡಿತು, ರೂಮಿಗೆ ಹೊಸ ಪರದೆ ಹಾಕಿಸಿದ್ದೇನೆ, ಸೂಟ್‌ಕೇಸ್ ಎಲ್ಲಿ. ಎಷ್ಟು ಮಾತಾಡುತ್ತಾಳಪ್ಪ ಈ ಹುಡುಗಿ! ಎದುರಿಗಿದ್ದವರಿಗೆ ಉಸಿರು ಬಿಡಲೂ ಎಡೆ ಕೊಡುವುದಿಲ್ಲ. ಕೆಲವರ ಸ್ವಭಾವವೇ ಹಾಗೆ.

ಚಹಾ ಆಯಿತು. ಮಾವ ಲೋಟ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತರು.

“ನೋಡು ಮಗಳೇ. ನಾನು ನಿನ್ನ ಮನೆಗೆ ಬಂದು…”

ತಡೆದರು, ಉಸಿರು ಎಳೆದುಕೊಳ್ಳಲು.

“ಆರಾಮಾಗಿ ಇರ್ತೀಯಾ ಅಪ್ಪ, ಗೊತ್ತು ನಂಗೆ,” ಅಂದಳು ನಾದಿನಿ. “ಅಲ್ವಾ ಅತ್ತಿಗೆ? ಏಳು, ಬಿಸಿಲೇರೋಕೆ ಮುಂಚೆ…”

ನನ್ನ ಕೈ ತಾನಾಗಿ ಹೋಗಿ ಅವಳ ಭುಜದ ಮೇಲೆ ಕೂತಿತು.

“ಸ್ವಲ್ಪ ತಾಳೇ,” ಅಂದೆ. “ಮಾವ ಇನ್ನೂ ಕ್ರಿಯಾಪದಕ್ಕೆ ಬಂದಿಲ್ಲ.”

ನಾದಿನಿ ಕೈಯಲ್ಲಿದ್ದ ಕಾರಿನ ಕೀ ಮೇಜಿನ ಮೇಲೆ ಇಟ್ಟಳು. ಮಾವ ಒಂದು ಸಲ ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದರು.